ನಿಮಗಿದು ಗೊತ್ತೆ? ಕಾಯುವುದಕ್ಕೂ ಒಂದು ಕಾಲ!

ಬೇಗಾರ್, ಕೊಪ್ಪ, ನರಸಿಂಹರಾಜಪುರದ ಕಡೆ ಅಡಿಕೆ ಕೊಯ್ಲು ಜೋರಾಗಿರುವ ಹೊತ್ತಿಗೇ ಚರ್ಚುಗಳಲ್ಲಿ 'ಆಗಮನ ಕಾಲ' ಶುರುವಾಗುತ್ತದೆ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಯುವಿಕೆ ಇದು. ಅವಧಿ ಮಾತ್ರ ವರ್ಷವರ್ಷಕ್ಕೆ ಬೇರೆ: ಕ್ರಿಸ್‌ಮಸ್ ಸೋಮವಾರ ಬಂದರೆ 22 ದಿನ, ಭಾನುವಾರ ಬಂದರೆ 28.

ಹಸಿರೆಲೆಯ ಚಕ್ರದಲ್ಲಿ ವಾರಕ್ಕೊಂದರಂತೆ ಮೇಣದಬತ್ತಿ ಹಚ್ಚುತ್ತಾರೆ. ಮೂರು ನೇರಳೆ, ಒಂದು ಗುಲಾಬಿ. ಮೊದಲನೆಯದು ಭರವಸೆಯ ಬತ್ತಿ. ದೇವರ ಯೋಜನೆ ತಡವಾದೀತು, ತಪ್ಪದು ಎಂಬ ನಂಬಿಕೆಯದು. ಮಳೆ ನಂಬಿ ಬದುಕುವ ಮಲೆನಾಡಿಗರಿಗೆ ಇದನ್ನು ಬಿಡಿಸಿ ಹೇಳಬೇಕೆ? ಈ ಚಕ್ರ ಅಷ್ಟೇನೂ ಹಳೆಯದಲ್ಲ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಪಾದ್ರಿ ವಿಖರ್ನ್ ಬಡ ಮಕ್ಕಳಿಗಾಗಿ ಮಾಡಿದ್ದು.

ಕೇರಳ ಮೂಲದ ಸಿರಿಯನ್ ಕ್ರೈಸ್ತರ ಕಾಯುವಿಕೆ ಇನ್ನೂ ಕಟ್ಟುನಿಟ್ಟು: ಡಿಸೆಂಬರ್ 1ರಿಂದ 25 ದಿನ ನೋಂಬು (ವ್ರತ), ಮಾಂಸಾಹಾರ ಬಂದ್.