ಹೃದ್ರೋಗವಿರುವ ಮಗುವಿನ ಹಲ್ಲು ಕಡೆಗಣಿಸಬೇಡಿ

ಮಗುವಿನ ಹೃದಯದಲ್ಲಿ ದೋಷವಿದೆಯೆಂದು ಗೊತ್ತಾದರೆ ತಾಯ್ತಂದೆಯರ ಗಮನವೆಲ್ಲ ಅತ್ತಲೇ. ಹಲ್ಲು ಹುಳುಕಾದರೆ ‘ಹಾಲುಹಲ್ಲು, ಹೇಗೂ ಬೀಳುತ್ತದೆ’ ಎಂದು ಸುಮ್ಮನಾಗುತ್ತಾರೆ. ಇದು ಸರಿಯಲ್ಲ. ಹುಳುಕು ಹಲ್ಲು, ಊದಿದ ವಸಡಿನಿಂದ ರಕ್ತಕ್ಕಿಳಿಯುವ ರೋಗಾಣುಗಳು ಹೃದಯದ ಒಳಪದರದಲ್ಲಿ ನೆಲೆಯೂರಿ ಪ್ರಾಣಕ್ಕೇ ಎರವಾಗಬಹುದು.

ಮರೋಳದಂಥ ಊರಿನವರು ಹಲ್ಲು ತೋರಿಸಲು ಇಳಕಲ್ಲಿಗೋ ಬಾಗಲಕೋಟೆಯ ದಂತ ಕಾಲೇಜಿಗೋ ಹೋಗುವಾಗ ಹೃದಯದ ಫೈಲು, ಮಾತ್ರೆ ಚೀಟಿ ತಪ್ಪದೆ ಒಯ್ಯಿರಿ. ಶಸ್ತ್ರಚಿಕಿತ್ಸೆಯಾಗದೆ ಮೈ ನೀಲಿಗಟ್ಟುವ ಹಾಗೂ ಕೃತಕ ಕವಾಟವುಳ್ಳ ಮಕ್ಕಳಿಗೆ ಹಲ್ಲು ಕೀಳುವ 30ರಿಂದ 60 ನಿಮಿಷ ಮುಂಚೆ ಆ್ಯಂಟಿಬಯಾಟಿಕ್ ಕೊಡಬೇಕಾಗುತ್ತದೆ. ಎಲ್ಲ ಹೃದ್ರೋಗಕ್ಕೂ ಇದು ಬೇಕಿಲ್ಲ, ವೈದ್ಯರೇ ನಿರ್ಧರಿಸಲಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ದಿನಕ್ಕೆರಡು ಸಲ ಹಲ್ಲುಜ್ಜಿಸಿ. ಸಿಹಿ ಸಿರಪ್ ಕುಡಿಸಿದ ಮೇಲೆ ಬಾಯಿ ಮುಕ್ಕಳಿಸಲು ಹೇಳಿ. ಕಾರಣ ತಿಳಿಯದ ಜ್ವರ ಬಿಡದಿದ್ದರೆ ಅಂಗಡಿ ಮಾತ್ರೆ ನುಂಗಿಸದೆ, ಕೂಡಲೇ ವೈದ್ಯರಿಗೆ ತೋರಿಸಿ.