ಮೈಸೂರಿನ ಗಾಡಿ, ಮುಂಬಯಿಯ ಮಳೆ

ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೆ ನಮ್ಮ ಚಾಳು. ಅದರ ಮೆಟ್ಟಿಲ ಕೆಳಗೆ ಯೆಜ್ಡಿ ಫಟಫಟಿಯೊಂದು ನಿಂತಿರುತ್ತದೆ. ನಮ್ಮ ತೀರ್ಥರೂಪರು ಬಿಟ್ಟುಹೋದ ಆಸ್ತಿಯೆಂದರೆ ಅದೊಂದೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ, ಮೊದಲು ಜಾವಾ, ಆಮೇಲೆ ಯೆಜ್ಡಿ ಎಂಬ ಹೆಸರಿನಲ್ಲಿ ಗಾಡಿಗಳನ್ನು ತಯಾರಿಸಿ 1996ರಲ್ಲಿ ಬಾಗಿಲು ಹಾಕಿತು. ಆ ಹೆಸರಿನ ಹೊಸ ಗಾಡಿಗಳು ಈಗ ಮತ್ತೆ ಬಂದಿವೆಯಾದರೂ ಅವು ಮೈಸೂರಿನವಲ್ಲ. ತಂದೆಯವರು ನಮ್ಮದನ್ನು “ಊರಿನ ಗಾಡಿ” ಎಂದೇ ಕರೆಯುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಅದು ಹಠ ಹಿಡಿಯಿತು. ಬೆಳಿಗ್ಗೆ ಒಂದೇ ಒದೆತಕ್ಕೆ ಹೊರಡುವುದು. ನಾನಾ ಚೌಕ ಮುಟ್ಟುವಷ್ಟರಲ್ಲಿ ಕೆಮ್ಮಿ ನಿಲ್ಲುವುದು. ಸೋಮವಾರ ತಾಡದೇವದ ಆರ್.ಟಿ.ಓ. ಕಚೇರಿಯಲ್ಲಿ ನೋಂದಣಿಯ ನವೀಕರಣಕ್ಕೆ ಗಾಡಿಯನ್ನು ಹಾಜರುಪಡಿಸಬೇಕಿತ್ತು. ಒಂದು ವರ್ಕ್‌ಷಾಪಿನವರು, “ಇಗ್ನಿಷನ್ ಪೂರ್ತಿ ಬದಲಿಸಿ, ಇಲ್ಲವೇ ಗುಜರಿಗೆ ಹಾಕಿ” ಎಂದರು. ಅವರು ಹೇಳಿದ ಮೊತ್ತ ನಮ್ಮಂಥ ಗುಮಾಸ್ತರ ಅರ್ಧ ಸಂಬಳ. ಅಮ್ಮ, “ಕೊಟ್ಟುಬಿಡಪ್ಪಾ, ಅವರೇ ಹೋದಮೇಲೆ ಇದೇಕೆ?” ಎಂದು ಮುಖ ತಿರುಗಿಸಿದರು.

ಕೆಳಗಿನ ಖೋಲಿಯಲ್ಲಿ ಉಡುಪಿ ಕಡೆಯ ನಿವೃತ್ತ ಫಿಟರ್ ಒಬ್ಬರಿದ್ದಾರೆ, ಚಾಳಿಗೆಲ್ಲ ಮಾವ. ಭಾನುವಾರ ಅವರ ಬಳಿ ಹೋದೆವು. “ಏನನ್ನೂ ಬದಲಿಸಬೇಡ ಮಾರಾಯ, ಮೊದಲು ಕಿಡಿ ಎಲ್ಲಿ ಸಾಯುತ್ತದೆ ನೋಡುವ” ಎಂದರು.

ತಣ್ಣಗಿರುವಾಗ ಪರೀಕ್ಷೆ ಮಾಡಿದ್ದೇ ನಮ್ಮ ತಪ್ಪಂತೆ. ಅಂಗಳದಲ್ಲೇ ಗಾಡಿ ಓಡಿಸಿ, ಅದು ತಾನಾಗಿ ನಿಂತೊಡನೆ ಪ್ಲಗ್ಗನ್ನು ಬಿಚ್ಚಿದರು. ತುದಿ ಪೆಟ್ರೋಲಿನಿಂದ ಒದ್ದೆ. ಅಂದರೆ ಪೆಟ್ರೋಲು ಬರುತ್ತಿದೆ, ಕೊರತೆ ಕಿಡಿಯದು. ಎಣ್ಣೆ ಬೆರೆಸಿ ಉರಿಸುವ ಟೂ ಸ್ಟ್ರೋಕ್ ಯಂತ್ರದಲ್ಲಿ ಪ್ಲಗ್ಗಿಗೆ ಮಸಿ ಹಿಡಿಯುವುದು ಸಹಜವಾದ್ದರಿಂದ ಹೊಸ ಪ್ಲಗ್ಗನ್ನೇ ವಯರಿಗೆ ಸಿಕ್ಕಿಸಿ, ಅದರ ಮೈಯನ್ನು ಯಂತ್ರದ ಲೋಹಕ್ಕೆ ತಾಗಿಸಿಟ್ಟು ನಮಗೆ ಒದೆಯಲು ಹೇಳಿದರು. (ಪ್ಲಗ್ಗಿನ ತೂತಿನಿಂದ ದೂರ ಇಡಬೇಕು, ಅಲ್ಲಿ ಪೆಟ್ರೋಲಿನ ಆವಿ ಇರುತ್ತದೆ; ವಯರನ್ನು ಕೈಯಲ್ಲಿ ಹಿಡಿಯಲೇಬಾರದು.) ನೀಲಿಯಾಗಿ ಚಟ್ಟನೆ ಹಾರಬೇಕಾದ ಕಿಡಿ ಹಳದಿಯಾಗಿ, ಸೊರಗಿ ಬಂತು.

ಹಾರ್ನು ಗಟ್ಟಿಯಾಗಿ ಕೂಗಿದ್ದರಿಂದ ಬ್ಯಾಟರಿಯ ಮೇಲಿನ ಶಂಕೆ ಹೋಯಿತು. ಬಲಬದಿಯ ಮುಚ್ಚಳ ತೆಗೆದರು. ಅಲ್ಲಿ ಪಾಯಿಂಟುಗಳೆಂಬ ಎರಡು ಪುಟ್ಟ ಲೋಹದ ತುಟಿಗಳಿವೆ. ಅವು ಅಗಲಿದಾಗ ಕಾಯಿಲ್‌ನಲ್ಲಿ ಹರಿಯುವ ವಿದ್ಯುತ್ತು ತಟ್ಟನೆ ಕಡಿದು, ಬ್ಯಾಟರಿಯ ಆರು ವೋಲ್ಟು ಸಾವಿರಾರು ವೋಲ್ಟಾಗಿ ಪ್ಲಗ್ಗಿಗೆ ನೆಗೆಯುತ್ತದೆ. ಅಂತರ 0.4 ಮಿ.ಮೀ. ಸರಿಯಾಗಿಯೇ ಇತ್ತು. ಆದರೆ ತುಟಿಗಳು ಗುಳಿಬಿದ್ದು ಕಪ್ಪಾಗಿದ್ದವು. ಮತ್ತೆ ಒದೆದಾಗ ಅಲ್ಲಿಯೇ ದೀಪಾವಳಿ! “ಇಲ್ಲಿ ಇಷ್ಟು ಕಿಡಿ ಹಾರಿದರೆ ಅಲ್ಲಿಗೆ ಏನು ಉಳಿದೀತು? ಕಂಡೆನ್ಸರು ಸತ್ತಿದೆ” ಎಂದರು ಮಾವ. ಪಾಯಿಂಟುಗಳು ಅಗಲುವಾಗ ಉಕ್ಕುವ ವಿದ್ಯುತ್ತನ್ನು ನುಂಗಿ ಕಡಿತವನ್ನು ಚುರುಕಾಗಿಸುವುದು ಅದರ ಕೆಲಸ. ಯಂತ್ರದ ಪಕ್ಕದಲ್ಲೇ ಕೂತು ಕಾದಾಗ ಅದು ಕೈಕೊಡುತ್ತಿತ್ತು. ಮಳೆಯನ್ನು ನಾವು ಸುಮ್ಮನೆ ಬೈದಿದ್ದೆವು.

ಚೋರ್ ಬಜಾರಿನಲ್ಲಿ ಅಲೆದು ಒಂದು ಹೊಸ ಕಂಡೆನ್ಸರು ತಂದೆವು. ಹೋಟೆಲಿನ ಒಂದು ಊಟದ ಬೆಲೆಯೂ ಆಗಲಿಲ್ಲ. ಪಾಯಿಂಟುಗಳನ್ನು ನುಣುಪಾದ ಉಪ್ಪುಕಾಗದದಿಂದ ಉಜ್ಜಿ, ಅಂತರವನ್ನು ಮತ್ತೆ ಅಳೆದು, ಸಂಜೆ ನಾನಾ ಚೌಕಕ್ಕೆ ಮೂರು ಸಲ ಹೋಗಿಬಂದೆವು. ಒಮ್ಮೆಯೂ ಕೆಮ್ಮಲಿಲ್ಲ.

ಸೋಮವಾರ ಬೆಳಿಗ್ಗೆ ಗಾಡಿಗೆ ಜೀವ ಬಂದ ಸದ್ದು ಕೇಳಿ ಅಮ್ಮ ಮೂರನೆಯ ಮಹಡಿಯಿಂದ ಇಣಿಕಿದರು. ತಂದೆಯವರಿಗೆ ದಿನವೂ ಹೇಳುತ್ತಿದ್ದ ಮಾತನ್ನೇ ಕೂಗಿ ಹೇಳಿದರು: “ಸೇತುವೆಯ ಮೇಲೆ ನಿಧಾನ!”