ಪಾದದ ಗಂಟು ಬೆಸೆದರೆ ನಡೆಯೋಕೆ ಆಗುತ್ತಾ? ಆಂಕಲ್ ಫ್ಯೂಷನ್‌ಗೆ ಮುಂಚೆ ತಿಳಿದಿರಲಿ

ಕ್ಯಾಸಲ್‌ರಾಕ್: ಬೈಕಿನಿಂದ ಬಿದ್ದೋ, ಮರದಿಂದ ಜಾರಿಯೋ ಹಿಂದೆಂದೋ ಮುರಿದಿದ್ದ ಪಾದದ ಗಂಟು ಎಷ್ಟೋ ವರ್ಷಗಳ ನಂತರ ಮತ್ತೆ ನೋಯಲು ಶುರುವಾಗುತ್ತದೆ. ಅಂಗಡಿಯಲ್ಲಿ ಎರಡು ತಾಸು ನಿಂತರೆ ಸಾಕು, ಊದಿಕೊಳ್ಳುತ್ತದೆ. ಮಾತ್ರೆ, ಇಂಜೆಕ್ಷನ್ ಯಾವುದಕ್ಕೂ ಬಗ್ಗದಿದ್ದಾಗ ಡಾಕ್ಟರು ಹೇಳುವ ಆಪರೇಷನ್‌ಗಳಲ್ಲಿ ಆಂಕಲ್ ಫ್ಯೂಷನ್ ಒಂದು. ಕೀಲನ್ನೇ ಬೆಸೆದುಬಿಟ್ಟರೆ ನಡೆಯೋಕೆ ಆಗುತ್ತಾ? ಆಗುತ್ತದೆ. ಆದರೆ ನಮ್ಮಂಥ ಏರು-ಇಳಿಜಾರಿನ ಊರಲ್ಲಿ ಏನು ಬದಲಾಗುತ್ತದೆ ಅನ್ನೋದು ಮೊದಲೇ ಗೊತ್ತಿರಬೇಕು.

ಏನು ಮಾಡುತ್ತಾರೆ?
ಕೀಲಿನೊಳಗಿನ ಮೃದ್ವಸ್ಥಿ ಸವೆದು, ಮೂಳೆಗೆ ಮೂಳೆ ಉಜ್ಜುವುದೇ ನೋವಿಗೆ ಕಾರಣ. ಉಳಿದ ಮೃದ್ವಸ್ಥಿಯನ್ನು ತೆಗೆದು, ಪಾದವನ್ನು ಕಾಲಿಗೆ ಸುಮಾರು 90 ಡಿಗ್ರಿಯಲ್ಲಿಟ್ಟು ಸ್ಕ್ರೂ ಅಥವಾ ಪ್ಲೇಟ್ ಹಾಕುತ್ತಾರೆ. ಕೆಲ ತಿಂಗಳಲ್ಲಿ ಎರಡೂ ಮೂಳೆ ಕೂಡಿ ಒಂದಾಗುತ್ತವೆ. ಅಲುಗಾಟ ನಿಂತರೆ ಉಜ್ಜುವ ನೋವೂ ನಿಲ್ಲುತ್ತದೆ.

ನಡಿಗೆಯಲ್ಲಿ ಏನು ಬದಲಾವಣೆ?
ಪಾದ ಮೇಲೆ-ಕೆಳಗೆ ಆಡುವುದು ಮುಖ್ಯವಾಗಿ ಈ ಕೀಲಿನಲ್ಲಿ. ಎಡಕ್ಕೆ-ಬಲಕ್ಕೆ ವಾಲುವುದು ಅದರ ಕೆಳಗಿನ ಕೀಲಿನಲ್ಲಿ, ಅದು ಉಳಿಯುತ್ತದೆ. ಪಾದದ ನಡುವಿನ ಸಣ್ಣ ಕೀಲುಗಳು ಮೇಲೆ-ಕೆಳಗಿನ ಕೆಲಸವನ್ನು ಸ್ವಲ್ಪ ವಹಿಸಿಕೊಳ್ಳುತ್ತವೆ. ಹಾಗಾಗಿ ಸಮ ನೆಲದಲ್ಲಿ ಹೆಜ್ಜೆ ತುಸು ಗಿಡ್ಡ, ಹಿಮ್ಮಡಿ ಬೇಗ ಏಳುತ್ತದೆ, ಅಷ್ಟೇ. ಎಷ್ಟೋ ಜನರ ನಡಿಗೆ ನೋಡಿದರೆ ಆಪರೇಷನ್ ಆಗಿದೆ ಅಂತ ಗೊತ್ತೇ ಆಗಲ್ಲ.

ಕಷ್ಟ ಇರುವುದು ಏರಿನಲ್ಲಿ. ಕುಳೆಂನಿಂದ ಕ್ಯಾಸಲ್‌ರಾಕ್‌ಗೆ ಹತ್ತುವ ರೈಲು ಹಳಿಯ ಏರು 37 ಅಡಿಗೆ 1 ಅಡಿ, ಅಂದರೆ ಒಂದೂವರೆ ಡಿಗ್ರಿ. ಮನುಷ್ಯನ ಪಾದಕ್ಕೆ ಅಷ್ಟು ಏರು ಲೆಕ್ಕಕ್ಕಿಲ್ಲ. ಆದರೆ ಮನೆ, ತೋಟದ ಕಾಲುದಾರಿಗಳು ಅದಕ್ಕಿಂತ ಎಷ್ಟೋ ಕಡಿದು. ಅಲ್ಲಿ ಪಾದ ಬಾಗದೆ ಹಿಮ್ಮಡಿ ಏಳುತ್ತದೆ, ಮೊಣಕಾಲಿಗೆ ಭಾರ ಬೀಳುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು ಇಟ್ಟರೆ ಹಗುರ.

ಕುಕ್ಕರಗಾಲಲ್ಲಿ ಕೂರುವುದು ಕಷ್ಟ. ಮನೆಯಲ್ಲಿ ಕಮೋಡ್ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ. ತೆಳ್ಳನೆಯ ಹವಾಯಿ ಚಪ್ಪಲಿಗಿಂತ, ಮುಂದೆ ಸ್ವಲ್ಪ ಮೇಲಕ್ಕೆ ಬಾಗಿದ ಗಟ್ಟಿ ಅಟ್ಟೆಯ ಬೂಟು ಒಳ್ಳೆಯದು. ಬಾಗದ ಗಂಟಿನ ಕೆಲಸವನ್ನು ಅಟ್ಟೆಯೇ ಮಾಡುತ್ತದೆ. ಬೈಕಿನ ಗಿಯರ್ ಎಡಗಾಲಲ್ಲಿ, ಹಿಂದಿನ ಬ್ರೇಕ್ ಬಲಗಾಲಲ್ಲಿ. ಗಾಡಿ ಓಡಿಸುವ ಮೊದಲು ಡಾಕ್ಟರನ್ನು ಕೇಳಿ.

ಎಷ್ಟು ದಿನ?
ಸಾಮಾನ್ಯವಾಗಿ ಮೊದಲ ಆರು ವಾರ ಆ ಕಾಲಿನ ಮೇಲೆ ಭಾರ ಹಾಕುವಂತಿಲ್ಲ. ಪ್ಲಾಸ್ಟರ್, ಬೂಟ್ ಎಲ್ಲ ಸೇರಿ ಸುಮಾರು ಮೂರು ತಿಂಗಳು. ಅಂಗಡಿಯವರು ಅಷ್ಟು ದಿನ ಗಲ್ಲೆಗೆ ಯಾರು ಅನ್ನೋದು ಯೋಚಿಸಿಟ್ಟುಕೊಳ್ಳಿ. ಬೀಡಿ, ಸಿಗರೇಟು ಸೇದುವವರಲ್ಲಿ ಮೂಳೆ ಕೂಡದೆ ಉಳಿಯುವ ಅಪಾಯ ಹೆಚ್ಚು, ಮೊದಲೇ ಬಿಡಬೇಕು. ಸಕ್ಕರೆ ಕಾಯಿಲೆಯೂ ಹಿಡಿತದಲ್ಲಿರಬೇಕು.

ಕೇಳಲೇಬೇಕಾದ ಪ್ರಶ್ನೆ
ಹೆಚ್ಚಿನ ಭಾರ ಹೊತ್ತ ಅಕ್ಕಪಕ್ಕದ ಕೀಲುಗಳು ಹತ್ತಿಪ್ಪತ್ತು ವರ್ಷಗಳಲ್ಲಿ ಸವೆಯಬಹುದು. ಕೃತಕ ಕೀಲು ಹಾಕಿದರೆ ಅಲುಗಾಟ ಉಳಿಯುತ್ತದೆ, ಆದರೆ ಅದು ಸಡಿಲವಾಗಬಹುದು. ಅದಕ್ಕೇ ದುಡಿಮೆಯ ಕೆಲಸದವರಿಗೆ, ಚಿಕ್ಕ ವಯಸ್ಸಿನವರಿಗೆ ಬೆಸೆಯುವುದನ್ನೇ ಹೆಚ್ಚಾಗಿ ಹೇಳುತ್ತಾರೆ. ಹುಬ್ಬಳ್ಳಿಗೋ, ಬೆಳಗಾವಿಗೋ, ಕಾರವಾರಕ್ಕೋ ತೋರಿಸಲು ಹೋದಾಗ ನೋವು ಎಷ್ಟಿದೆ ಅಂತ ಹೇಳಿದರೆ ಸಾಲದು. ದಿನಕ್ಕೆ ಎಷ್ಟು ಹೊತ್ತು ನಿಲ್ಲುತ್ತೀರಿ, ಮನೆ ದಾರಿ ಎಷ್ಟು ಕಡಿದು, ಏನು ಓಡಿಸುತ್ತೀರಿ ಅನ್ನೋದನ್ನೂ ಹೇಳಿ. ನಿಮಗೆ ಯಾವುದು ಸರಿ ಅನ್ನೋದು ಅದರಿಂದಲೇ ತೀರ್ಮಾನವಾಗುತ್ತದೆ.